ಉಪ್ಪು ಕಡಿಮೆ ಎನ್ನದ ಗಂಡ

"ನೋಡ್ತಿರು, ಇನ್ನು ಮೇಲೆ ನನ್ನ ಬಾಯಿ ಅಂದ್ರೆ ಮಲ್ಲಿಗೆ ತೋಟ!" ಎಂದು ಘೋಷಿಸಿ, ಅವಳ ಗಂಡ ಮೌತ್‌ವಾಶ್‌ನ ದೊಡ್ಡ ಬಾಟಲಿಯನ್ನು ಬಚ್ಚಲ ಕಿಟಕಿಯಲ್ಲಿ ಪ್ರತಿಷ್ಠಾಪಿಸಿದ. ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೂಗಿನ ಮೇಲೆ ಫ್ರೇಮು ಕೂರಿಸಲು ಅವನು ಬಗ್ಗಿದರೆ ಗಿರಾಕಿಗಳು ಕುರ್ಚಿಸಮೇತ ಹಿಂದೆ ಸರಿಯುತ್ತಾರೆಂದು ಮಾಲೀಕರು ಹೇಳಿದ್ದರಂತೆ. ಹಿಂದೊಮ್ಮೆ ವಸಡು ಊದಿದಾಗ ಹಲ್ಲಿನ ಡಾಕ್ಟರು ಕೆಲವೇ ದಿನಕ್ಕೆಂದು ಬರೆದುಕೊಟ್ಟಿದ್ದ ಔಷಧ ಅದು. ಈಗ ತಿಂಡಿಗೆ ಮುಂಚೆ, ಊಟದ ನಂತರ, ನೆನಪಾದಾಗಲೆಲ್ಲ ಗಳಗಳ. ಬೇಸಿನ್ನಿನ ಸುತ್ತ ಸಿಡಿದದ್ದನ್ನು ಒರೆಸುವುದು ಮಾತ್ರ ಎಂದಿನಂತೆ ಅವಳ ಪಾಲು.

ಕೆಲವು ವಾರ ಕಳೆದವು. ಒಂದು ದಿನ ಅವನು ಉಪ್ಪು ಕಡಿಮೆ ಎನ್ನದೆ ಊಟ ಮುಗಿಸಿ ಎದ್ದ.

ಅವಳು ಅಡುಗೆಯನ್ನು ತಾನೇ ಮತ್ತೊಮ್ಮೆ ರುಚಿ ನೋಡಿದಳು. ಮದುವೆಯಾದಾಗಿನಿಂದ ಅಡುಗೆಯಲ್ಲಿ ಏನಾದರೊಂದು ತಪ್ಪು ಹುಡುಕದೆ ಕೈ ತೊಳೆದವನಲ್ಲ ಈತ. ಪರೀಕ್ಷಿಸಲೆಂದು ಮರುದಿನ ಉಪ್ಪನ್ನೇ ಹಾಕಲಿಲ್ಲ. ತಲೆ ತಗ್ಗಿಸಿ ತಿಂದ. ಅದರ ಮರುದಿನ ಹಿಡಿ ಉಪ್ಪು ಸುರಿದಳು. ಬಾಯಿಗೆ ಕೈ ಅಡ್ಡ ಹಿಡಿದು ಚೆನ್ನಾಗಿದೆ ಎಂದ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ತಟ್ಟೆಯನ್ನು ತಾನೇ ತೊಳೆದಿಟ್ಟ! ಕೆಲಸ ಹೋಯಿತೇ? ಇನ್ನೊಬ್ಬಳಿದ್ದಾಳೆಯೇ? ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ, ತಮ್ಮ ಯಜಮಾನರೂ ಹೋಗುವ ಮುಂಚೆ ಹೀಗೇ ಮೆತ್ತಗಾಗಿಬಿಟ್ಟಿದ್ದರು ಎಂದರು.

ಆ ಸಂಜೆ ಅವನು ನೆಲ ಒರೆಸುವ ಬಟ್ಟೆ ಎಲ್ಲಿದೆ ಎಂದು ಕೇಳಿದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ರೀ, ಏನಾಗಿದೆ ನಿಮ್ಗೆ? ನಿಜ ಹೇಳಿ. ನಂಗೆ ಜೀವ ನಿಲ್ತಿಲ್ಲ."

ಅವನು ನಿಧಾನವಾಗಿ ನಾಲಿಗೆ ಚಾಚಿದ. ಕಂದುಬಣ್ಣ. ಹಲ್ಲಿನ ಸಂದುಗಳು ಸೀದ ಪಾತ್ರೆಯ ತಳದಂತಿದ್ದವು.

"ಏನು ತಿಂದ್ರೂ ರುಚಿ ಗೊತ್ತಾಗ್ತಿಲ್ಲ ಕಣೇ. ಯಾವುದೋ ದೊಡ್ಡ ರೋಗ. ನಾನು ಹೋದ್ಮೇಲೆ ಮನೆ ಕೆಲಸ ಎಲ್ಲ ನೀನೊಬ್ಬಳೇ ಹೇಗೆ ಮಾಡ್ತೀಯೋ ಅಂತ..."

ಈಗ ಎಷ್ಟು ಜನ ಮಾಡ್ತಿದೀವಿ ಎಂಬ ಮಾತು ತುಟಿಯವರೆಗೆ ಬಂದಿತ್ತು. ನುಂಗಿಕೊಂಡು, ಅವನ ಕೈ ಹಿಡಿದು ಹಲ್ಲಿನ ಡಾಕ್ಟರ ಬಳಿಗೆ ಓಡಿದಳು. ಕಾಯುವ ಬೆಂಚಿನಲ್ಲಿ ಇಬ್ಬರ ಅಂಗೈಯೂ ಬೆವತು ಒಂದಕ್ಕೊಂದು ಅಂಟಿಕೊಂಡಿದ್ದವು.

ಡಾಕ್ಟರಮ್ಮ ಬಾಯೊಳಗೆ ದೀಪ ಬಿಟ್ಟು ನೋಡಿ, ಮೌತ್‌ವಾಶ್‌ನಲ್ಲೇ ಸ್ನಾನ ಮಾಡ್ತೀರಾ ಎಂದು ಕೇಳಿದರು. ಈ ಔಷಧವನ್ನು ಹೀಗೆ ಮಿತಿಮೀರಿ ಬಳಸಿದರೆ ಹಲ್ಲು, ನಾಲಿಗೆ ಕಲೆಗಟ್ಟುತ್ತವೆ, ರುಚಿ ಕೆಡುತ್ತದೆ. ರೋಗವೂ ಇಲ್ಲ, ಗೀಗವೂ ಇಲ್ಲ. ನಿಲ್ಲಿಸಿದರೆ ರುಚಿ ಮರಳುತ್ತದೆ, ಹಲ್ಲಿನ ಕಲೆಯನ್ನು ನಾವೇ ತೆಗೆಯುತ್ತೇವೆ ಎಂದರು. ನೆಟ್ಟಗೆ ಹಲ್ಲುಜ್ಜುವುದನ್ನು ಕಲಿಯಿರಿ ಎಂದೂ ಸೇರಿಸಿದರು.

ಅವಳಿಗೆ ಹೋದ ಜೀವ ಬಂತು. ಅವನಿಗೆ ಮೆಲ್ಲಗೆ ರುಚಿ ಬಂತು. ತಟ್ಟೆ ತೊಳೆಯುವ ಅಭ್ಯಾಸ ಅಷ್ಟೇ ಮೆಲ್ಲಗೆ ಹೋಯಿತು. ಒಂದು ಮಧ್ಯಾಹ್ನ ಮೊದಲ ತುತ್ತಿಗೇ ಮುಖ ಕಿವುಚಿದ.

"ಉಪ್ಪು ಸ್ವಲ್ಪ ಕಡಿಮೆ ಅಲ್ವಾ?"

ಅವಳು ಬಚ್ಚಲಿಗೆ ಹೋದಳು. ಅರ್ಧ ಉಳಿದಿದ್ದ ಬಾಟಲಿ ತಂದು ಉಪ್ಪಿನ ಡಬ್ಬಿಯ ಪಕ್ಕಕ್ಕಿಟ್ಟಳು.

"ಯಾವುದು ಬೇಕೋ ತಗೊಳ್ಳಿ."

ಅವನು ಎರಡನ್ನೂ ನೋಡಿದ. ತೆಪ್ಪಗೆ ಊಟ ಮುಗಿಸಿದ. ಆಮೇಲೆ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆಗೆ ನಡೆದ. ಅವಳ ತಟ್ಟೆಯನ್ನೂ ಸೇರಿಸಿ.