ಗಿಟಾರ್ ಬರುವ ಗಂಡು

ನಾಲ್ಕು ತಿಂಗಳೊಳಗೆ ಗಿಟಾರನ್ನು ಗೆದ್ದೇ ತೀರುತ್ತೇನೆಂದು ವೆಂಕಟಾಚಲ ಪ್ರತಿಜ್ಞೆ ಕೈಗೊಂಡದ್ದು ಕೆ.ಆರ್. ಪುರದ ತೂಗುಸೇತುವೆಯ ಮೇಲೆ, ಕಾರ್ಖಾನೆಯ ಬಸ್ಸು ಎತ್ತಲೂ ಅಲ್ಲಾಡದೆ ನಿಂತಿದ್ದಾಗ. ಪುರಾಣಕಾಲದ ಪ್ರತಿಜ್ಞೆಗಳಿಗೆ ಆಕಾಶದಿಂದ ಹೂಮಳೆ ಸುರಿಯುತ್ತಿತ್ತಂತೆ. ಇಲ್ಲಿ ಹಿಂದಿನಿಂದ ನಲವತ್ತು ಹಾರ್ನುಗಳು ಒಟ್ಟಿಗೆ ಮೊಳಗಿದವು. ಅದನ್ನೇ ಅವನು ಆಶೀರ್ವಾದವೆಂದು ಸ್ವೀಕರಿಸಿದ.

ವೆಂಕಟಾಚಲನಿಗೆ ನಲವತ್ತೊಂಬತ್ತು. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳ ಸೇವೆ. ಡ್ರಾಯಿಂಗಿನಲ್ಲಿ ಬರೆದ ಅಳತೆಗೂ ಮುಂದಿಟ್ಟ ತುಂಡಿಗೂ ಕೂದಲೆಳೆಯ ಹತ್ತನೇ ಒಂದು ಪಾಲು ವ್ಯತ್ಯಾಸ ಕಂಡರೂ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಮನೆಯಲ್ಲಿ ಗೋಡೆಯ ಕ್ಯಾಲೆಂಡರನ್ನೂ ರಸಮಟ್ಟ ಇಟ್ಟು ನೇತುಹಾಕುವ ಮನುಷ್ಯ. ಇಂಥವನು ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದ. ಅದನ್ನು ಹೆಣ್ಣು ನೋಡಲು ಹೋದಾಗ ಹೇಳಿದ್ದ!

ಆ ಸುಳ್ಳಿಗೆ ಕಾರಣ ಒಂದು ಭಾನುವಾರ. ತರಕಾರಿ ಚೀಲ ಹಿಡಿದು ಪುಲಿಕೇಶಿನಗರದ ರಸ್ತೆಯೊಂದರಲ್ಲಿ ನಡೆಯುತ್ತಿದ್ದವನ ತಲೆಯ ಮೇಲೆ, ಹಳೆಯ ಬಂಗಲೆಯ ಮಹಡಿಯ ಕಿಟಕಿಯಿಂದ, ಗಿಟಾರಿನ ಒಂದು ತುಣುಕು ಬಂದು ಬಿದ್ದಿತ್ತು. ಹಾಡಿನ ಶುರುವಿನಲ್ಲಿ ಬಂದು ಮತ್ತೆ ಮತ್ತೆ ಮರಳುವ ಇಂಥ ತುಣುಕಿಗೆ ರಿಫ್ ಎನ್ನುತ್ತಾರೆಂಬುದೂ ಅವನಿಗೆ ಅಂದು ತಿಳಿದಿರಲಿಲ್ಲ. ಐದೇ ಸೆಕೆಂಡು. ಆದರೆ ನೆಲದೊಳಗಿನಿಂದ ಗುಡುಗು ಮೇಲೆದ್ದು ಬಂದಂತೆ! ನಿಂತ ಕಡೆಯೇ ಅವನ ಕಾಲು ಬೇರು ಬಿಟ್ಟಿತು. ಹಸುವೊಂದು ಚೀಲದಿಂದ ಮೂಲಂಗಿ ಎಳೆದು ತಿಂದು ಮುಗಿಸಿದ್ದೂ ಗೊತ್ತಾಗಲಿಲ್ಲ. ಜಗತ್ತಿನಲ್ಲಿ ಅಳತೆಗೆ ಸಿಕ್ಕದ ವಸ್ತುವೂ ಉಂಟೆಂದು ಅವನು ಅಂದೇ ಮೊದಲು ಕಂಡುಕೊಂಡದ್ದು.

ಮುಂದಿನ ಭಾನುವಾರ ಹಲಸೂರಿನ ಮನೆಯೊಂದರಲ್ಲಿ ಭಾಗ್ಯಲಕ್ಷ್ಮಿ ಎಂಬ ಹುಡುಗಿ ಕಾಫಿಯ ತಟ್ಟೆ ಕೆಳಗಿಟ್ಟು, "ನಿಮಗೆ ಹವ್ಯಾಸ ಏನಾದ್ರೂ ಇದೆಯಾ?" ಎಂದು ಕೇಳಿದಳು. ಕಿವಿಯಲ್ಲಿ ಇನ್ನೂ ಆ ಗುಡುಗು. ಬಾಯಿ ತಾನಾಗಿ ತೆರೆಯಿತು.

"ಗಿಟಾರ್ ನುಡಿಸ್ತೀನಿ."

ಮದುವೆಯಾಯಿತು. ಗಿಟಾರ್ ಮಾತ್ರ ಎಂದೂ ಮನೆಗೆ ಬರಲಿಲ್ಲ. ಅದೇ ಸುಳ್ಳಿನ ಬಾಲವಾಗಿ, ಮೊದಲು ಅದು ಮೈಸೂರಿನ ಗೆಳೆಯನ ಬಳಿ ಇತ್ತು, ನಂತರ ಅದರ ತಂತಿ ಹರಿದಿತ್ತು, ಅನಂತರ ಆ ಗೆಳೆಯನಿಗೇ ಅಸ್ಸಾಮಿಗೆ ವರ್ಗವಾಯಿತು. ಭಾಗ್ಯಲಕ್ಷ್ಮಿ ಎಂದೂ ಒತ್ತಾಯಿಸಿ ಕೇಳಿದವಳಲ್ಲ. ಹೆಂಡತಿಯ ಈ ಔದಾರ್ಯಕ್ಕೆ ವೆಂಕಟಾಚಲ ಒಳಗೊಳಗೇ ಕೈ ಮುಗಿಯುತ್ತಿದ್ದ.

ಪ್ರತಿಜ್ಞೆಯ ದಿನ ಬೆಳಿಗ್ಗೆ ಈ ಔದಾರ್ಯದ ಕೋಟೆಗೆ ಮಗಳು ತನ್ಮಯಿ ಲಗ್ಗೆ ಹಾಕಿದಳು.

"ಅಪ್ಪಾ, ನಿಮ್ಮ ಇಪ್ಪತ್ತೈದನೇ ಆನಿವರ್ಸರಿಗೆ ಹಲಸೂರಲ್ಲಿ ಹಾಲ್ ಬುಕ್ ಮಾಡಿದೀನಿ. ಸ್ಪೆಷಲ್ ಐಟಂ, ನಿನ್ ಗಿಟಾರ್! ಇನ್ವಿಟೇಷನ್‌ನಲ್ಲಿ ಹಾಕ್ಬಿಟ್ಟೆ."

"ಹಾಕ್ಬಿಟ್ಯಾ? ಯಾರಿಗೂ ಕಳಿಸಿಲ್ಲ ತಾನೇ?"

"ಫ್ಯಾಮಿಲಿ ಗ್ರೂಪಿಗೆ ಹೋಯ್ತು. ತಾತ ಆಗ್ಲೇ ನೋಡಿ ಫೋನೂ ಮಾಡಿದ್ರು. 'ನಿಜವಾಗ್ಲೂ ನುಡಿಸ್ತಾರಾ?' ಅಂತ ಮೂರ್ ಸಲ ಕೇಳಿದ್ರು."

ಉಪ್ಪಿಟ್ಟು ತಿರುವುತ್ತಿದ್ದ ಭಾಗ್ಯಲಕ್ಷ್ಮಿಯ ಕೈ ನಿಂತಿತು. "ನುಡಿಸ್ತೀರೇನ್ರೀ?"

ಆ ದನಿ ಕೊಂಚ ನಡುಗಿತ್ತು. ಅಭಿಮಾನದ ನಡುಕವೆಂದು ವೆಂಕಟಾಚಲ ತಿಳಿದ. "ನುಡಿಸದೆ ಏನು!" ಎಂದುಬಿಟ್ಟ. ಇಪ್ಪತ್ತೈದು ವರ್ಷದ ಸುಳ್ಳನ್ನು ನಿಜ ಮಾಡಲು ಈಗ ಉಳಿದದ್ದು ನಾಲ್ಕು ತಿಂಗಳು. ತಪ್ಪಿದರೆ ಇಡೀ ಬಳಗದ ಎದುರು, ಅದರಲ್ಲೂ ಮಾವನವರ ಎದುರು, ಅವನ ಏಕೈಕ ಸುಳ್ಳು ಬಯಲಾಗುವುದಿತ್ತು.

ಶನಿವಾರವೇ ಅವನು ಶಿವಾಜಿನಗರಕ್ಕೆ ಹೋದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಂಜೂರ್ ಎಂಬಾತನ ವಾದ್ಯ ರಿಪೇರಿ ಅಂಗಡಿ. ಅರವತ್ತು ದಾಟಿದ ಮಂಜೂರ್ ಮೂವತ್ತು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದ ಕಲಾವಿದ. ಕೆಂಪು ಬಣ್ಣದ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಶ್ರುತಿ ಮಾಡಿ ಕೊಟ್ಟ.

"ವಾರಕ್ಕೆ ಎರಡು ದಿನ ಬನ್ನಿ ಸಾರ್. ನಾನೇ ಕಲಿಸ್ತೀನಿ."

"ಬೇಡ. ನಾನು ಕಲೀತಾ ಇದೀನಿ ಅಂತ ಯಾರಿಗಾದ್ರೂ ಗೊತ್ತಾದ್ರೆ, ಇಷ್ಟು ದಿನ ಬರ್ತಿರ್ಲಿಲ್ಲ ಅಂತಾನೂ ಗೊತ್ತಾಗುತ್ತೆ."

ಮಂಜೂರ್ ಈ ತರ್ಕವನ್ನು ಜಗಿದು ನೋಡಿದ. "ಅರೇ, ಹಾಗಾದ್ರೆ ಟ್ಯಾಬ್ ನೋಡಿ ಕಲೀರಿ. ಅದಕ್ಕೆ ರಾಗ ಬೇಡ, ತಾಳ ಬೇಡ. ಅಂಕೆ ಓದಕ್ಕೆ ಬಂದ್ರೆ ಸಾಕು."

ಅಂಕೆ! ವೆಂಕಟಾಚಲನ ಮೈ ಜುಮ್ಮೆಂದಿತು. ರಿಫ್ಫನ್ನು ಗುನುಗಿ ತೋರಿಸಿ, ಮಂಜೂರನಿಂದ ಹಾಡಿನ ಹೆಸರು ಬರೆಸಿಕೊಂಡು, ಕೆ.ಆರ್. ಪುರದ ಜೆರಾಕ್ಸ್ ಅಂಗಡಿಯಲ್ಲಿ ಅಂತರ್ಜಾಲದಿಂದ ಆ ರಿಫ್ಫಿನ ಟ್ಯಾಬನ್ನು ಮುದ್ರಿಸಿಕೊಂಡ. ಆರು ಅಡ್ಡಗೆರೆಗಳು. ಒಂದೊಂದು ಗೆರೆಯೂ ಒಂದೊಂದು ತಂತಿ. ಗೆರೆಯ ಮೇಲೆ ಬರೆದ ಅಂಕೆ, ಗಿಟಾರಿನ ಕತ್ತಿನ ಎಷ್ಟನೆಯ ಮೆಟ್ಟಿಲಲ್ಲಿ ಬೆರಳೂರಬೇಕೆಂಬ ಆದೇಶ. ಸಂಗೀತವೆಂಬ ಮಹಾಸಾಗರವನ್ನು ಯಾರೋ ಪುಣ್ಯಾತ್ಮರು ಇಂಜಿನಿಯರಿಂಗ್ ಡ್ರಾಯಿಂಗ್ ಮಾಡಿ ಕೊಟ್ಟಿದ್ದರು! ಆ ಹಾಳೆಯನ್ನು ಅವನು ಕಣ್ಣಿಗೊತ್ತಿಕೊಂಡ.

ಒಂದೇ ಕೊರತೆ. ಎಡ ಅಂಚು ಮುದ್ರಣದಲ್ಲಿ ಕತ್ತರಿಸಿಹೋಗಿ, ಯಾವ ಗೆರೆ ಯಾವ ತಂತಿ ಎಂದು ಸೂಚಿಸುವ ಅಕ್ಷರಗಳು ಬಂದಿರಲಿಲ್ಲ. ಇಪ್ಪತ್ತಾರು ವರ್ಷದ ಅನುಭವಿಗೆ ಇದೊಂದು ಸಮಸ್ಯೆಯೇ? ಗಿಟಾರನ್ನು ತೊಡೆಯ ಮೇಲಿಟ್ಟು ಬಗ್ಗಿ ನೋಡಿದ. ಎಲ್ಲಕ್ಕಿಂತ ಮೇಲಿರುವುದು ದಪ್ಪ ತಂತಿ, ಕೆಳಗಿರುವುದು ಸಣ್ಣ ತಂತಿ. ಆದ್ದರಿಂದ ಮೇಲಿನ ಗೆರೆ ದಪ್ಪ ತಂತಿ, ಕೆಳಗಿನ ಗೆರೆ ಸಣ್ಣ ತಂತಿ. ಕೆಂಪು ಶಾಯಿಯಲ್ಲಿ ಹಾಗೆಯೇ ಬರೆದು, 'ಪರಿಶೀಲಿಸಿದೆ' ಎಂದು ಸಹಿ ಮಾಡಿ, ತಾರೀಖು ಹಾಕಿದ.

ಟ್ಯಾಬ್ ಬರೆಯುವವರ ಪದ್ಧತಿ ಇದಕ್ಕೆ ಸರಿಯಾಗಿ ತಲೆಕೆಳಗು. ಅವರಿಗೆ ಮೇಲಿನ ಗೆರೆ ಎಂದರೆ ಸಣ್ಣ ತಂತಿ. ಆದರೆ ವೆಂಕಟಾಚಲ ಸಹಿ ಮಾಡಿದ ಡ್ರಾಯಿಂಗನ್ನು ಮರುಪ್ರಶ್ನಿಸುವ ಅಧಿಕಾರ ಕಾರ್ಖಾನೆಯಲ್ಲಿ ಯಾರಿಗೂ ಇರಲಿಲ್ಲ, ಸ್ವತಃ ಅವನಿಗೂ.

ಅಭ್ಯಾಸಕ್ಕೆ ಕಾರ್ಖಾನೆಯ ಮಾಪನ ಕೊಠಡಿಯೇ ಗುರುಕುಲವಾಯಿತು. ಎರಡು ಬಾಗಿಲು, ಸದಾ ಇಪ್ಪತ್ತು ಡಿಗ್ರಿ ತಂಪು, ಒಳಗಿನ ಸದ್ದು ಹೊರಗಿಲ್ಲ. ಗೇಟಿನಲ್ಲಿ 'ತಂತಿಯುಳ್ಳ ಉಪಕರಣ, ಒಂದು' ಎಂದು ಬರೆಸಿ ಗಿಟಾರನ್ನು ಒಳಗೆ ತಂದ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದಾಗ ಇವನ ತಪಸ್ಸು. ವರ್ನಿಯರ್ ಹಿಡಿದು ಮೆಟ್ಟಿಲುಗಳ ಅಂತರ ಅಳೆದ. ಬೆರಳು ಮೆಟ್ಟಿಲಿನಿಂದ ಎಷ್ಟು ಮಿಲಿಮೀಟರ್ ಹಿಂದಿರಬೇಕೆಂದು ಕೋಷ್ಟಕ ಬರೆದ. ಮೊದಲ ವಾರ ಬೆರಳ ತುದಿ ಬೊಬ್ಬೆಯೆದ್ದಿತು, ಮೂರನೆಯ ವಾರ ಒಡೆಯಿತು, ಎರಡನೆಯ ತಿಂಗಳಿಗೆ ಗಟ್ಟಿಯಾಯಿತು. ಮೂರನೆಯ ತಿಂಗಳಿಗೆ ರಿಫ್ ಬಂದಿತು. ಒಂದು ಅಂಕೆಯೂ ತಪ್ಪದೆ ಬಂದಿತು!

ಈ ತಪಸ್ಸಿಗೆ ಏಕೈಕ ಸಾಕ್ಷಿ, ವಿಭಾಗಕ್ಕೆ ಹೊಸದಾಗಿ ಸೇರಿದ್ದ ಕಿರಿಯ ಇನ್‌ಸ್ಪೆಕ್ಟರ್ ತೇಜಶ್ರೀ.

"ಸರ್, ಬೇಜಾರು ಮಾಡ್ಕೋಬೇಡಿ. ಆ ರಿಫ್ ನಾನೂ ಕೇಳಿದೀನಿ. ಅದು ಗುಡುಗೋ ತರ ಇರುತ್ತೆ. ನಿಮ್ದು ಒಂಥರಾ... ಇಲಿ ತರ ಇದೆ."

"ಅಂಪ್ಲಿಫೈಯರ್ ಇಲ್ವಲ್ಲಮ್ಮ. ಕರೆಂಟ್ ಕೊಟ್ಟಾಗ ಇಲಿಯೇ ಹುಲಿ ಆಗುತ್ತೆ."

"ಟ್ಯೂನೂ ಬೇರೆ ಅನ್ಸುತ್ತೆ ಸರ್."

"ತೇಜಶ್ರೀ, ಡ್ರಾಯಿಂಗ್ ಒಂದು ಹೇಳಿ ಕಿವಿ ಇನ್ನೊಂದು ಹೇಳಿದ್ರೆ ಇನ್‌ಸ್ಪೆಕ್ಟರ್ ಯಾವುದನ್ನ ನಂಬಬೇಕು?"

"ಡ್ರಾಯಿಂಗ್ ಸರ್," ಎಂದಳು ಅವಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ನಿಜ ಹೇಳಬೇಕೆಂದರೆ ಅವನಿಗೂ ಅನುಮಾನ ಬಂದಿತ್ತು. ಪುಲಿಕೇಶಿನಗರದ ಆ ಭಾನುವಾರಕ್ಕೂ ತನ್ನ ಬೆರಳ ಕೆಳಗಿನ ಕೀಚಲಿಗೂ ಸಂಬಂಧವೇ ಕಾಣುತ್ತಿರಲಿಲ್ಲ. ಆದರೆ ಇಪ್ಪತ್ತೈದು ವರ್ಷದಲ್ಲಿ ನೆನಪು ಸವೆದು ಅಳತೆ ತಪ್ಪಿರಬೇಕೆಂದು ತೀರ್ಮಾನಿಸಿ, ನೆನಪನ್ನು ತಿರಸ್ಕರಿಸಿದ.

ಆ ದಿನ ಬಂತು. ಹಲಸೂರಿನ ಹಾಲ್‌ನಲ್ಲಿ ನೂರಿಪ್ಪತ್ತು ಜನ. ಮುಂದಿನ ಸಾಲಿನಲ್ಲಿ, ವಿಮಾ ಕಚೇರಿಯಿಂದ ನಿವೃತ್ತರಾದ ಎಂಬತ್ತೆರಡರ ಮಾವನವರು ಕೈಕಟ್ಟಿ, ತೀರ್ಪು ಕೊಡಲು ಬಂದವರಂತೆ ಕುಳಿತಿದ್ದರು. ಪಕ್ಕದಲ್ಲಿ ಅತ್ತೆ. ಬಾಡಿಗೆಗೆ ಅಂಪ್ಲಿಫೈಯರ್ ತಂದಿದ್ದ ಮಂಜೂರ್ ವೇದಿಕೆಯ ಅಂಚಿನಲ್ಲಿ ಅದರ ವೈರು ಸಿಕ್ಕಿಸಿ, "ಧೂಳೆಬ್ಬಿಸಿ ಸಾರ್" ಎಂದು ಕಿವಿಯಲ್ಲಿ ಹೇಳಿದ. ಹೊಸ ರೇಷ್ಮೆ ಸೀರೆಯ ಭಾಗ್ಯಲಕ್ಷ್ಮಿ ಉಗುರು ಕಚ್ಚುತ್ತಿದ್ದಳು.

ವೆಂಕಟಾಚಲ ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟ. ಕಣ್ಣು ಮುಚ್ಚಿ ತೆರೆದ. ನುಡಿಸಿದ.

ಇಲಿ ಹುಲಿಯಾಗಲಿಲ್ಲ. ಆನೆ ಗಾತ್ರದ ಇಲಿಯಾಯಿತು. ಅದರ ಬಾಲವನ್ನು ಯಾರೋ ಬಾಗಿಲ ಸಂದಿಗೆ ಸಿಕ್ಕಿಸಿ, ನಾಲ್ಕು ಸಲ, ಒಂದೇ ಲಯದಲ್ಲಿ, ಕರಾರುವಾಕ್ಕಾಗಿ ಬಾಗಿಲು ಹಾಕಿದಂತಾಯಿತು. ಅಡುಗೆಯವರು ಸಾರಿನ ಸೌಟು ಹಿಡಿದೇ ಹೊರಗೆ ಓಡಿ ಬಂದರು. ತೊಟ್ಟಿಲ ಕೂಸೊಂದು ಅಳುವುದನ್ನು ಮರೆತು ನೋಡಿತು.

"ಸಾರ್, ಆ ಕಾಗದ ಕೊಡಿ," ಎಂದ ಮಂಜೂರ್. ಒಂದು ಸಲ ನೋಡಿದ. ಕೆಂಪು ಶಾಯಿಯ ಅಕ್ಷರಗಳನ್ನು ನೋಡಿದ. ಸಹಿಯನ್ನೂ ನೋಡಿದ. "ಯಾ ಅಲ್ಲಾ! ಮೇಲಿನ ಗೆರೆ ಸಣ್ಣ ತಂತಿ ಸಾರ್. ಮನೇನ ತಳಪಾಯ ಮೇಲೆ, ಮಾಳಿಗೆ ಕೆಳಗೆ ಮಾಡಿ ಕಟ್ಟಿದೀರಿ. ಆದ್ರೆ ಖುದಾ ಕಸಂ, ಒಂದು ಇಟ್ಟಿಗೆ ಸೊಟ್ಟ ಇಲ್ಲ!"

ಅವನು ಗಿಟಾರನ್ನು ಮೆಲ್ಲಗೆ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಅದೇ ಹಾಳೆ, ಅವೇ ಅಂಕೆಗಳು.

ನೆಲ ಗುಡುಗಿತು.

ಐದೇ ಸೆಕೆಂಡು. ಆದರೆ ಪನ್ನೀರಿನ ಹೂಜಿ ತಟ್ಟೆಯ ಮೇಲೆ ಕಂಪಿಸಿತು, ಹಿಂದಿನ ಸಾಲಿನವರು ತಮಗರಿವಿಲ್ಲದೆ ಎದ್ದು ನಿಂತರು. ವೆಂಕಟಾಚಲನಿಗೆ ಸಭೆಯಿಲ್ಲ, ಬಳಗವಿಲ್ಲ, ನಲವತ್ತೊಂಬತ್ತು ವರ್ಷವಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವನ ನೆನಪು ಒಂದು ಕೂದಲೆಳೆಯಷ್ಟೂ ಸವೆದಿರಲಿಲ್ಲ! ಮಂಜೂರನ ಮುದಿ ಬೆರಳುಗಳು ಯಾವ ಕೋಷ್ಟಕವನ್ನೂ ನೋಡದೆ, ನೀರಿನಲ್ಲಿ ಮೀನು ಹೊರಳಿದಂತೆ ಹೊರಳುತ್ತಿದ್ದವು. ವೆಂಕಟಾಚಲನ ಕಣ್ಣು ತುಂಬಿತು. ಅಂಥ ಸದ್ದಿನ ಎದುರು ಸುಳ್ಳು ನಿಲ್ಲಲಾರದು ಎನ್ನಿಸಿತು. ಮೈಕು ಹಿಡಿದೇ ಬಿಟ್ಟ.

"ಭಾಗ್ಯ, ನನ್ನ ಕ್ಷಮಿಸು. ನಿನ್ನ ನೋಡೋಕೆ ಬಂದ ದಿನ ಸುಳ್ಳು ಹೇಳಿದ್ದೆ. ಈ ನಾಲ್ಕು ತಿಂಗಳಿಗೆ ಮುಂಚೆ ನಾನು ಗಿಟಾರ್ ಮುಟ್ಟೇ ಇರ್ಲಿಲ್ಲ."

ಆಕಾಶ ಕಳಚಿ ಬೀಳುವುದೆಂದು ತಲೆ ತಗ್ಗಿಸಿ ಕಾದ. ಬದಲಿಗೆ ಭಾಗ್ಯಲಕ್ಷ್ಮಿ ಎದೆಯ ಮೇಲೆ ಕೈಯಿಟ್ಟು ದೊಡ್ಡದಾಗಿ ಉಸಿರುಬಿಟ್ಟಳು.

"ಅಯ್ಯೋ, ಅದು ಅವತ್ತೇ ಗೊತ್ತಿತ್ತು ಕಣ್ರೀ! ಕಾಫಿ ಲೋಟ ಹಿಡಿಯೋಕೇ ಕೈ ನಡುಗ್ತಿತ್ತು, ಗಿಟಾರ್ ನುಡಿಸ್ತಾರಂತೆ! ಗಿಟಾರ್ ಬಾರಿಸೋ ಪೋಲಿಗೆ ಹೆಣ್ಣು ಕೊಡಲ್ಲ ಅಂತ ನಮ್ಮಪ್ಪ ಪಟ್ಟು ಹಿಡಿದು ಕೂತಿದ್ರು. 'ಪಾಪದ ಮನುಷ್ಯ ಕಣಪ್ಪಾ, ಸುಳ್ಳು ಹೇಳ್ತಿದಾರೆ, ಗಿಟಾರ್ ಬರಲ್ಲ, ನಾನು ಗ್ಯಾರಂಟಿ' ಅಂತ ಆಣೆ ಮಾಡಿ ಒಪ್ಪಿಸಿದ್ದು ನಾನು. ನಾಲ್ಕು ತಿಂಗಳಿಂದ ನಿಮ್ಮ ಬೆರಳು ಗಟ್ಟಿ ಆಗೋದು ನೋಡಿ ನೋಡಿ ದೇವ್ರಿಗೆ ಹರಕೆ ಹೊತ್ಕೊಂಡಿದ್ದೆ. ಎಲ್ಲಿ ಕಲ್ತುಬಿಟ್ಟು, ನಮ್ಮಪ್ಪನ ಮುಂದೆ ನನ್ನ ಮಾನ ಕಳೀತೀರೋ ಅಂತ!"

ವೆಂಕಟಾಚಲ ಮುಂದಿನ ಸಾಲಿನತ್ತ ನೋಡಿದ. ಇಪ್ಪತ್ತೈದು ವರ್ಷ ಅಳಿಯನ ಎದುರು ಬಿಗಿದೇ ಇದ್ದ ಆ ಮುಖ ಅಗಲವಾಗಿ ಅರಳಿತ್ತು. ಮಾವನವರು ಕೋಲೂರಿ ಎದ್ದು, ವೇದಿಕೆ ಹತ್ತಿ, ಅವನ ಬೆನ್ನು ತಟ್ಟಿದರು.

"ನನ್ನ ಮಗಳು ಹೇಳಿದ್ದು ನಿಜ ಅಳಿಯಂದ್ರೇ. ಎಷ್ಟು ನಿಜ ಅಂತ ಇವತ್ತು ಕಿವಿಯಾರೆ ಕೇಳಿದೆ. ಇನ್ನೊಂದ್ಸಲ ನುಡಿಸ್ತೀರಾ?"

"ನಾನಾ? ಇನ್ನೊಂದ್ಸಲನಾ?" ವೆಂಕಟಾಚಲನ ಮುಖವೂ ಅರಳಿತು.

"ಹೂಂ. ನಿಮ್ಮತ್ತೆ ಆವಾಗ ಕಿವಿ ಮಿಷನ್ ಹಾಕ್ಕೊಂಡಿರ್ಲಿಲ್ಲ. ಅವಳಿಗೂ ಖಾತ್ರಿ ಆಗ್ಲಿ."

ಅತ್ತೆ ಕಿವಿಯಂತ್ರ ಸಿಕ್ಕಿಸಿಕೊಂಡು ತಲೆಯಾಡಿಸಿದರು. ಮಂಜೂರ್ ಎರಡೂ ಕೈಯಿಂದ ಗಿಟಾರನ್ನು ಹಿಂದಿರುಗಿಸಿದ. ವೆಂಕಟಾಚಲ ಹಾಳೆಯನ್ನು ನೆಟ್ಟಗೆ ಮಾಡಿಕೊಂಡು, ಇಡೀ ವಂಶದ ನೆಮ್ಮದಿಗಾಗಿ, ಮತ್ತೊಮ್ಮೆ ನುಡಿಸಿದ. ಈ ಸಲವೂ ಒಂದು ಅಂಕೆ ತಪ್ಪಲಿಲ್ಲ.