ಒಂಬತ್ತು ದೀಪದ ಜೀಪು

ಕತ್ತಲೆಯನ್ನು ಕಂಡರೆ ಹೆದರುವವರನ್ನು ನೀವು ನೋಡಿರುತ್ತೀರಿ. ಕತ್ತಲೆಯನ್ನು ಕಂಡರೆ ಸಿಟ್ಟು ಬರುವ ಮನುಷ್ಯನನ್ನು ನೋಡಿದ್ದೀರಾ? ಇಲ್ಲವಾದರೆ ಒಂದು ದಿನ ಸಂಜೆ ಆರೂವರೆಗೆ ಹೊನ್ನವಳ್ಳಿ ಕಡೆ ಬನ್ನಿ. ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ, ತೋಟದಿಂದ ಜೀಪಿನಲ್ಲಿ ಮನೆಗೆ ಹೊರಟಿರುತ್ತಾರೆ. ದಯವಿಟ್ಟು ಎದುರಿಗೆ ನಿಲ್ಲಬೇಡಿ. ಪಕ್ಕಕ್ಕೆ ಸರಿದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ. ಆ ಜೀಪಿಗೆ ಒಂಬತ್ತು ದೀಪ! ಕಂಪನಿಯವರು ಕೊಟ್ಟಿದ್ದು ಎರಡು. ಮಿಕ್ಕ ಏಳು ನಮ್ಮ ಭಾವ ಸ್ವಹಸ್ತದಿಂದ ಪ್ರತಿಷ್ಠಾಪಿಸಿದ್ದು. ಊರಿನವರು ಆ ಜೀಪಿಗೆ ‘ನವಗ್ರಹ’ ಎಂದು ಹೆಸರಿಟ್ಟಿದ್ದರು. ಅದು ದಾಟಿಹೋದ ಮೇಲೆ ದಾರಿಬದಿಯ ಕೋಳಿಗಳೆಲ್ಲ ಬೆಳಗಾಯಿತೆಂದು ಗೂಡಿನಿಂದ ಇಳಿದು ಮೇಯಲು ಹೊರಟಿದ್ದನ್ನು ನಾನೇ ಕಂಡಿದ್ದೇನೆ ಎಂದರೆ ನಂಬುತ್ತೀರಾ? ನಂಬಬೇಡಿ, ಸ್ವಲ್ಪ ಸೇರಿಸಿ ಹೇಳಿದೆ. ಇಳಿದದ್ದು ಒಂದೇ ಕೋಳಿ.

ನನ್ನ ವಿಚಾರವನ್ನೂ ಹೇಳಿಬಿಡುತ್ತೇನೆ. ನಾನು ಹುಟ್ಟಾ ಪುಕ್ಕಲಿ. ತುರುವೇಕೆರೆಯ ನನ್ನ ಮನೆಯಲ್ಲಿ ಗ್ಯಾಸ್ ಒಲೆ ಹಚ್ಚುವಾಗ ಮಾರು ದೂರ ನಿಂತು, ಮುಖ ಆ ಕಡೆ ತಿರುಗಿಸಿ ಕಡ್ಡಿ ಚಾಚುತ್ತೇನೆ. ಮಿಕ್ಸಿಯ ಪ್ಲಗ್ ಕಿತ್ತಮೇಲೆ ಕಿತ್ತಿದ್ದೇನೆಯೋ ಇಲ್ಲವೋ ಎಂದು ಮತ್ತೆರಡು ಸಲ ಬಂದು ನೋಡುತ್ತೇನೆ. ಇಂಥವಳಿಗೆ ದೇವರು ಅಂಥ ಭಾವನನ್ನು ಕೊಟ್ಟ. ಹೆದರುವವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ತಿಂಗಳಿಗೊಮ್ಮೆ ಅಕ್ಕನನ್ನು ನೋಡಲು ಹೋಗುತ್ತಿದ್ದೆ. ಹೋದಾಗಲೆಲ್ಲ ಆ ಜೀಪಿನಲ್ಲಿ ಒಮ್ಮೆಯಾದರೂ ಕೂರದೆ ವಾಪಸು ಬಂದದ್ದಿಲ್ಲ. ಇಳಿಯುವ ತನಕ ಬಾಯಲ್ಲಿ ದೇವರ ನಾಮ, ಬಾಗಿಲ ಹಿಡಿಯ ಮೇಲೆ ಕೈ!

ಹೆದರಿಕೆಗೆ ಕಾರಣವಿತ್ತು. ಭಾವನವರ ನಂಬಿಕೆಯ ಪ್ರಕಾರ ತೆಂಗಿನ ಮರ ಇರುವವನು ಅಂಗಡಿಯ ಮೆಟ್ಟಿಲು ಹತ್ತಬಾರದು. ವೈರುಗಳನ್ನು ಒಟ್ಟುಮಾಡಿ ಕಟ್ಟಲು ಟೇಪು ತರುತ್ತಾರೆಯೇ? ಮನೆಯಲ್ಲೇ ನಾರಿದೆ. ತೊಡೆಯ ಮೇಲೆ ಹೊಸೆದು, ಚೆಂದದ ಸಣ್ಣ ಹುರಿ ಮಾಡಿ, ಜೀಪಿನ ಹೊಟ್ಟೆಯೊಳಗೆಲ್ಲ ಹೂಮಾಲೆಯ ಹಾಗೆ ವೈರನ್ನು ಕಟ್ಟಿದ್ದರು. ಬ್ಯಾಟರಿ ಅಲ್ಲಾಡಬಾರದೆಂದು ಅದರ ಸುತ್ತ ಒಣಗಿದ ತೆಂಗಿನ ಸಿಪ್ಪೆ ತುರುಕಿದ್ದರು. ರೇಡಿಯೇಟರ್ ಒಣಗಿದಾಗ ಅದಕ್ಕೆ ಎಳನೀರು ಕುಡಿಸಿದ್ದೂ ಉಂಟು! ಬ್ಯಾಟರಿಯಿಂದ ಹೊರಟ ವೈರು ತಗಡಿನ ತೂತಿನಲ್ಲಿ ನುಸುಳಿ ನೇರವಾಗಿ ಸ್ವಿಚ್ಚಿಗೆ ಬರುತ್ತಿತ್ತು. ಆ ಸ್ವಿಚ್ಚೋ, ಹಳೆಯ ಮನೆಯ ಫ್ಯಾನಿನದು. ಏಳು ದೀಪದ ಭಾರವನ್ನೂ ಅದೊಂದೇ ಹೊರಬೇಕು. ದೀಪ ಹಾಕಿ ಒಂದು ಮೈಲಿ ಹೋಗುವಷ್ಟರಲ್ಲಿ ಅದರ ಮೇಲೆ ಬೆರಳಿಡುವ ಹಾಗಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿದೆ. “ಭಾವ, ಇದಕ್ಕೆ ಫ್ಯೂಸ್ ಹಾಕಿದ್ದೀರಾ?”

“ಹಾಕಿದ್ದೆ ಕಣಮ್ಮಿ. ಯಾವಾಗ್ ನೋಡುದ್ರೂ ಸುಟ್ಟೋಗದು. ಅದ್ರ ಕಾಟ ತಡೀನಾರ್ದೆ ಕಿತ್ತಾಕ್ದೆ.”

“ಅಯ್ಯೋ, ಕಳ್ಳ ಬಂದಾಗೆಲ್ಲ ಬೊಗಳುತ್ತೆ ಅಂತ ನಾಯೀನೇ ಓಡಿಸಿದ ಹಾಗಾಯ್ತಲ್ಲ!”

“ಈಗ ನೋಡು, ಒಂದಿನಾನೂ ಸುಟ್ಟಿಲ್ಲ” ಎಂದು ಭಾವ ಹೆಮ್ಮೆಯಿಂದ ಮೀಸೆ ತೀಡಿದರು.

ಹಿಂದಿನ ಸೀಟಿನಲ್ಲಿದ್ದ ಅಕ್ಕ ತಣ್ಣಗೆ ಹೇಳಿದಳು. “ಅದುಕ್ಕೇ ಕಣೇ ನಾನು ಕೆರೆ ಮಳ್ಳು ತುಂಬಿದ ಚೀಲದ ಮ್ಯಾಲೆ ಕಾಲಿಕ್ಕಂಡು ಕೂತಿರದು.”

ಬಗ್ಗಿ ನೋಡಿದೆ. ನಿಜವಾಗಿಯೂ ಮರಳಿನ ಚೀಲ! ಬೆಂಕಿ ಹತ್ತಿದರೆ ಸುರಿಯುವುದಕ್ಕೆ ಅಂತೆ. ಇವರಿಬ್ಬರೂ ಇಪ್ಪತ್ತೆಂಟು ವರ್ಷ ಹೇಗೆ ಸಂಸಾರ ಮಾಡಿದರು ಎಂದು ಯಾರಾದರೂ ಕೇಳಿದರೆ ನಾನು ಆ ಚೀಲವನ್ನೇ ತೋರಿಸುತ್ತೇನೆ.

ಆ ದೀಪಗಳಿಂದ ಊರಿಗಾದ ಉಪಕಾರ ಒಂದೆರಡಲ್ಲ. ಒಂದು ಸಂಜೆ ಹಾಲ್ಕುರಿಕೆ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಕಣ್ಣು ಮುಚ್ಚಿಕೊಂಡೇ ಇಳಿದು, ಬಸ್ಸಿನ ಮೈ ತಡವುತ್ತ ನಮ್ಮ ಹತ್ತಿರ ಬಂದ. “ಯಜಮಾನ್ರೇ, ಬಸ್ನಾಗೆ ನಲವತ್ ಜನ ಅವ್ರೆ. ರೋಡ್ ಎಲ್ಲೈತೆ ಅಂತ ನೀವೇ ವಸಿ ತೋರ್ಸಿ” ಎಂದ.

ಭಾವ ಆಶ್ಚರ್ಯದಿಂದ ಅವನನ್ನು ನೋಡಿದರು. “ಇಷ್ಟ್ ಬೆಳಕ್ನಲ್ಲೂ ರೋಡ್ ಕಾಣಲ್ವೇನಯ್ಯಾ ನಿಂಗೆ?”

ನಲವತ್ತು ಜನವೂ ಕಿಟಕಿಯಿಂದ ತಲೆ ಹಾಕಿ ಒಟ್ಟಿಗೆ ಬೈದರು. ಒಬ್ಬ ಅಜ್ಜಿಯ ಬೈಗುಳವಂತೂ ಎಷ್ಟು ಸುದೀರ್ಘವಾಗಿತ್ತೆಂದರೆ ಬಸ್ಸು ಹೊರಟ ಮೇಲೂ ತಿರುವಿನ ತನಕ ಕೇಳುತ್ತಿತ್ತು. ಆಮೇಲೆ ಭಾವ ಒಂದು ತಿದ್ದುಪಡಿ ಮಾಡಿಕೊಂಡರು. ಊರ ರಸ್ತೆಗೆ ಬಂದಾಗ ಜೀಪಿನ ನೆತ್ತಿಯ ಮೇಲಿನ ಐದು ದೀಪಗಳನ್ನು ಮುಚ್ಚಬೇಕು. ಏತರಿಂದ ಮುಚ್ಚಿದರು ಹೇಳಿ ನೋಡೋಣ? ತೆಂಗಿನ ಕರಟದಿಂದ! ಚೆನ್ನಾಗಿ ಉಜ್ಜಿ ನುಣುಪು ಮಾಡಿ, ನಾರಿನ ಹುರಿ ಪೋಣಿಸಿ, ಒಂದೊಂದು ದೀಪಕ್ಕೂ ಒಂದೊಂದು ಕರಟದ ಟೊಪ್ಪಿ. ನೋಡಲು ಲಕ್ಷಣವಾಗಿಯೇ ಇತ್ತು. ಆದರೆ ಒಂದು ದಿನ ಟೊಪ್ಪಿ ಹಾಕಿದರು, ಸ್ವಿಚ್ ಆರಿಸುವುದನ್ನು ಮರೆತರು. ಅರಳಗುಪ್ಪೆಯ ನೆಂಟರ ಮನೆಗೆ ಹೋಗುತ್ತಿದ್ದೆವು.

ಅಕ್ಕ ಮೂಗೆತ್ತಿ ಗಾಳಿಯನ್ನು ಮೂಸಿದಳು. “ಯಾರೋ ಚಟ್ನಿಗೆ ಕಾಯಿ ಉರೀತಾ ಅವ್ರೆ ಕಣ್ರೀ.”

ಯಾರೂ ಹುರಿಯುತ್ತಿರಲಿಲ್ಲ. ನಮ್ಮ ನೆತ್ತಿಯ ಮೇಲೆ ಐದು ಕರಟ ಹೊಗೆಯಾಡುತ್ತಿದ್ದವು. ನಾನು ಓಡುತ್ತಿದ್ದ ಜೀಪಿನಿಂದಲೇ ಹಾರಿದೆ. ಪುಣ್ಯಕ್ಕೆ ಭಾವ ಎತ್ತಿನ ಗಾಡಿಯ ವೇಗದಲ್ಲಿ ಓಡಿಸುತ್ತಿದ್ದರು, ಮೊಣಕಾಲು ಮಾತ್ರ ತರಚಿತು.

ನನ್ನ ನಿದ್ದೆ ಕೆಡಿಸುತ್ತಿದ್ದ ಭಯ ಇದಲ್ಲ. ಆ ಜೀಪನ್ನು ನಿಲ್ಲಿಸುತ್ತಿದ್ದ ಜಾಗ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಕ್ಕನ ಮನೆಯ ಅಟ್ಟ ಜೀಪಿನ ಕೊಟ್ಟಿಗೆಯ ಮೇಲೇ ಇತ್ತು. ಅಡಿಕೆ ದಬ್ಬೆಯ ಅಟ್ಟ, ಸಂದಿನಿಂದ ಕೈ ತೂರುವಂತಿತ್ತು. ಮೇಲೆ ಒಣಗಿ ಗರಿಗರಿಯಾದ ಸಾವಿರಾರು ಕಾಯಿ. ಕೆಳಗೆ ಫ್ಯೂಸಿಲ್ಲದ ಜೀಪು. ಪಕ್ಕದ ಗೋಡೆಯ ಆ ಬದಿಗೆ ಅಕ್ಕ ಮಲಗುವ ಕೋಣೆ. ಬೀಡಿ ಸೇದುವವರು ಆ ಕೊಟ್ಟಿಗೆಯ ಹತ್ತಿರ ಸುಳಿದರೂ ಭಾವ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದರು. ಆದರೆ ಜೀಪಿನ ಬಗ್ಗೆ ಮಾತೆತ್ತಿದರೆ, “ಅದು ಮನೆ ಮಗ ಇದ್ದಂಗೆ, ಸುಮ್ಕಿರಮ್ಮಿ” ಎನ್ನುತ್ತಿದ್ದರು. ತುರುವೇಕೆರೆಗೆ ಬಂದ ಮೇಲೆ ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಅವಳು “ಹಲೋ” ಅಂದರೆ ಸಾಕು, ಇನ್ನೇನೂ ಕೇಳುತ್ತಿರಲಿಲ್ಲ. ಅಕ್ಕ ಇದ್ದಾಳೆ. ಇವತ್ತಿಗೆ ಸುಟ್ಟಿಲ್ಲ.

ಕೊನೆಗೊಂದು ಭಾನುವಾರ ಅದು ನಡೆದೇಹೋಯಿತು. ಸಂಜೆ, ಇನ್ನೂ ಆಕಾಶ ಕೆಂಪಗಿತ್ತು. ಅಕ್ಕ ಅಟ್ಟದ ಮೇಲಿದ್ದಳು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗುಡುಗುಡು ಅಂದದ್ದನ್ನು ಒಂದು ಕಡೆ, ಅನ್ನದ್ದನ್ನು ಒಂದು ಕಡೆ ಹಾಕುತ್ತಿದ್ದಳು. ಅಂಥ ಕತ್ತಲ ಅಟ್ಟಕ್ಕೆ ಅವಳು ಟಾರ್ಚು ಕೂಡ ಒಯ್ಯುತ್ತಿರಲಿಲ್ಲ. ಎಂಥ ಗುಂಡಿಗೆ ಎಂದುಕೊಳ್ಳುತ್ತಿದ್ದೆ. ನಾನು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಭಾವ ಒಂಬತ್ತೂ ದೀಪ ಉರಿಸಿಕೊಂಡು ಬಂದು, ಜೀಪನ್ನು ಅಟ್ಟದ ಕೆಳಗೆ ನುಗ್ಗಿಸಿ, ಇಂಜಿನ್ ಆರಿಸಿದರು. ದೀಪ ಆರಲಿಲ್ಲ.

ಸ್ವಿಚ್ ಒತ್ತಿದರು. ಅದು ಕರಗಿ ಅಂಟಿಕೊಂಡಿತ್ತು. ಮತ್ತೆ ಒತ್ತಿದರು, ಮೇಣದ ಹಾಗೆ ಬೆರಳಿಗೆ ಬಂತು. ಅಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಹೊಗೆ ಎದ್ದಿತು. ತಗಡಿನ ತೂತಿನಲ್ಲಿ ಉಜ್ಜಿ ಉಜ್ಜಿ ವೈರಿನ ಮೈ ಸುಲಿದುಹೋಗಿತ್ತು. ಭಾವ ಬಾನೆಟ್ ಎತ್ತಿದರು. ಅವರು ತೊಡೆಯ ಮೇಲೆ ಹೊಸೆದ ಹುರಿಯ ಉದ್ದಕ್ಕೂ ಕೆಂಪು ಕಿಡಿ ಹರಿದಾಡುತ್ತಿತ್ತು! ಬ್ಯಾಟರಿ ಸುತ್ತಲಿನ ಸಿಪ್ಪೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಹೊಗೆ ನೆಟ್ಟಗೆ ದಬ್ಬೆಯ ಸಂದಿಗೆ ಏರಿತು. ಮೇಲೆ ಅಕ್ಕ ಕೆಮ್ಮಿದಳು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಕೊಡ ಹಿಡಿದು ನೀರಿಗೆ ಓಡಿದ್ದು ನೆನಪಿದೆ. “ನೀರ್ ಬ್ಯಾಡ! ಜೀಪ್ ತಳ್ಳು, ಆಚೀಕ್ ತಳ್ಳು!” ಎಂದು ಭಾವ ಕೂಗಿದರು. ಕೂಗುತ್ತಲೇ ಉರಿಯೊಳಗೆ ಕೈ ಹಾಕಿ ಬ್ಯಾಟರಿಯ ವೈರನ್ನು ಬರಿಗೈಯಲ್ಲಿ ಕಿತ್ತರು. ದೀಪಗಳು ಆರಿದವು. ನಾವಿಬ್ಬರೂ ಆ ಕಬ್ಬಿಣದ ರಾಶಿಯನ್ನು ಹಿಂದಕ್ಕೆ ತಳ್ಳಿದೆವು. ಮೊದಲು ಕದಲಲೇ ಇಲ್ಲ. ಆಮೇಲೆ ಕದಲಿತು. ಅಂಗಳಕ್ಕೆ ಬಂದ ಮೇಲೆ ಅಕ್ಕನ ಮರಳಿನ ಚೀಲವನ್ನು ಹರಿದು ಉರಿಯ ಮೇಲೆ ಸುರಿದೆ. ಬೆಂಕಿ ಸತ್ತಿತು. ನಾನು ಅವರೆಕಾಯಿಯ ಮೊರದ ಮೇಲೇ ಕೂತುಬಿಟ್ಟೆ.

ಭಾವ ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. ಅಟ್ಟದ ಕೆಳಗೆ ಓಡಿದರು. “ಇಳಿಯೇ! ಬೇಗ ಇಳಿ!”

“ಏಣಿ ಎಲ್ಲೈತೆ ಕಣ್ರೀ? ಯಾವ ಕಡೆ ಐತೆ?” ಅಕ್ಕ ಕಾಲಿನಿಂದ ದಬ್ಬೆಯ ಅಂಚನ್ನು ತಡವುತ್ತಿದ್ದಳು.

ಏಣಿ ಅವಳ ಕಾಲ ಬುಡದಲ್ಲೇ ಇತ್ತು. ಹೊಗೆ ತಿಳಿಯಾಗುತ್ತಿತ್ತು, ಆಕಾಶದ ಬೆಳಕಿನ್ನೂ ಇತ್ತು. ಅಂಗಳದಲ್ಲಿ ಕೂತ ನನಗೆ ಏಣಿಯ ಒಂದೊಂದು ಮೆಟ್ಟಿಲೂ ಕಾಣುತ್ತಿತ್ತು. ಭಾವ ಸುಟ್ಟ ಕೈಯಲ್ಲೇ ಏಣಿ ಹತ್ತಿ, ಅವಳ ಪಾದವನ್ನು ಹಿಡಿದು ಮೊದಲ ಮೆಟ್ಟಿಲಿನ ಮೇಲಿಟ್ಟರು. “ಇದು ಎಡಗಾಲು. ಈಗ ಬಲಗಾಲು ಬುಡು. ನಾನ್ ಹಿಡ್ಕಂಡಿದೀನಿ, ಬುಡು.” ಒಂದೊಂದು ಮೆಟ್ಟಿಲಿಗೂ ಹಾಗೆಯೇ ಪಾದವನ್ನು ಹಿಡಿದು ಇಡುತ್ತಾ ಕೆಳಗೆ ತಂದರು. ಅವಳು ನೆಲ ಮುಟ್ಟಿದಾಗ ನನ್ನ ಎದೆಯಲ್ಲಿ ಬೆಂಕಿಗಿಂತ ದೊಡ್ಡ ಹೆದರಿಕೆಯೊಂದು ಕೂತಿತು.

ಮಾರನೆಯ ದಿನ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಭಾವ ಟ್ರ್ಯಾಕ್ಟರಿನಿಂದ ಜೀಪನ್ನು ಎಳೆಸಿಕೊಂಡು ತಿಪಟೂರಿನ ವೈರಿಂಗ್ ಮೇಸ್ತ್ರಿಯ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಮೇಸ್ತ್ರಿ ಬಾನೆಟ್ ಎತ್ತಿ, ಸುಟ್ಟ ನಾರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಯಜಮಾನ್ರೇ, ಇದು ವೈರಿಂಗಾ, ಬಾಣಂತಿ ನೀರೊಲೆಗೆ ಇಕ್ಕಿದ ಉರುವಲಾ?”

ಆಶ್ಚರ್ಯವೆಂದರೆ, ಭಾವ ಎದುರು ಮಾತಾಡಲಿಲ್ಲ. ಸ್ಟೂಲಿನ ಮೇಲೆ ಮಗ್ಗಿ ಕಲಿಯುವ ಹುಡುಗನ ಹಾಗೆ ಕೂತು ಒಂದೊಂದನ್ನೂ ಕೇಳಿ ತಿಳಿದುಕೊಂಡರು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಏಕೆಂದರೆ ನಮ್ಮ ಬದಲು ಸಾಯುವುದೇ ಅದರ ಕೆಲಸ. ದೀಪದ ಭಾರವನ್ನು ರಿಲೇ ಹೊರಬೇಕು, ಸ್ವಿಚ್ಚಿಗೆ ಬರೀ ಸನ್ನೆ ಮಾಡುವ ಕೆಲಸ. ವೈರು ದಪ್ಪಗಿರಬೇಕು, ವೈರು ಉಜ್ಜದ ಹಾಗೆ ತೂತಿಗೆ ರಬ್ಬರ್ ಬುಷ್ ಇರಬೇಕು, ಅರ್ತ್ ಕಟ್ಟುವ ಕಡೆ ಬಣ್ಣ ಕೆರೆದಿರಬೇಕು. “ನಿಮ್ ಡೈನಮೋಗೆ ಎರಡು ದೀಪ ಜಾಸ್ತಿ ಹಾಕ್ಬೋದು. ಏಳು ಆಗಾಕಿಲ್ಲ” ಎಂದ ಮೇಸ್ತ್ರಿ.

“ಎರಡು ಸಾಲಲ್ಲ ಕಣಪ್ಪ” ಎಂದರು ಭಾವ.

ಮೇಸ್ತ್ರಿ ಒಳಗೆ ಹೋದಾಗ ನಾನು ಕೇಳಿಯೇಬಿಟ್ಟೆ. “ಭಾವ, ಅಕ್ಕನಿಗೆ ಕಣ್ಣು ಕಾಣಲ್ವಾ?”

ಭಾವ ಬ್ಯಾಂಡೇಜನ್ನು ನೋಡುತ್ತಲೇ ಹೇಳಿದರು. “ಹೊತ್ತು ಮುಳುಗುದ್ರೆ ಏನೂ ಕಾಣಲ್ಲ ಕಣಮ್ಮಿ. ಎರಡ್ ವರ್ಸ ಆಯ್ತು. ವಾಸಿ ಆಗಲ್ಲ, ಬತ್ತಾ ಬತ್ತಾ ಕಮ್ಮಿ ಆಯ್ತದೆ ಅಂದ್ರು ಡಾಕ್ಟ್ರು. ಮೊದ್ಲು ಎರಡ್ ದೀಪ ಹಾಕ್ದೆ. ದಾರಿ ಕಾಣ್ತೈತೆ ಅಂದ್ಲು. ಆಮೇಲೆ ಮಬ್ಬು ಅಂದ್ಲು. ಇನ್ನೆರಡು ಹಾಕ್ದೆ. ತಿರುಗ ಮಬ್ಬು ಅಂದ್ಲು, ಇನ್ ಮೂರು ಹಾಕ್ದೆ. ಯಾರ್ಗೂ ಹೇಳ್ಕೂಡ್ದು ಅಂತ ಆಣೆ ಇಕ್ಕಿಸ್ಕಂಡವ್ಳೆ. ಗೊತ್ತಾದ್ರೆ ತ್ವಾಟುಕ್ಕೆ ಬುಡಲ್ಲ, ಅಟ್ಟ ಹತ್ತಕ್ ಬುಡಲ್ಲ ಅಂತ ಅವ್ಳ ಹೆದ್ರಿಕೆ.”

ನವಗ್ರಹ ಎಂದು ಊರೆಲ್ಲ ನಕ್ಕಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ರಸ್ತೆಯ ಕಡೆ ಮುಖ ಮಾಡಿ ನಿಂತೆ.

ಮೂರು ದಿನ ಬಿಟ್ಟು ಜೀಪು ಮನೆಗೆ ಬಂತು. ಮುಂದೆ ಎರಡೇ ಹೊಸ ದೀಪ. ಸಂಜೆ ಮಬ್ಬಾದ ಮೇಲೆ ಅಕ್ಕ ಭಾವನ ಪಕ್ಕದ ಸೀಟಿನಲ್ಲಿ ಕೂತಳು, ನಾನು ಹಿಂದೆ. ಜೀಪು ಅಂಗಳದ ಅಂಚಿನಲ್ಲಿ ತೋಟಕ್ಕೆ ಮುಖ ಮಾಡಿ ನಿಂತಿತ್ತು. ಬರೀ ಹೊಸ ದೀಪವನ್ನೇ ನೋಡೋಣವೆಂದು ಭಾವ ಹೆಡ್‌ಲೈಟ್ ಹಾಕಿರಲಿಲ್ಲ. ಹೊಸ ಸ್ವಿಚ್ಚನ್ನು ಒತ್ತಿದರು. ಟಿಕ್ ಎಂದಿತು.

“ಕಾಣ್ತೈತೇನೇ?”

“ಓ, ಚೆನ್ನಾಗ್ ಕಾಣ್ತೈತೆ ಕಣ್ರೀ!” ಎಂದಳು ಅಕ್ಕ. “ಆ ಕೊನೆ ಸಾಲಿನ ಮರದ ಗಂಟ ಕಾಣ್ತೈತೆ. ಎರಡೇ ಸಾಕು. ಇನ್ಮ್ಯಾಕೆ ಹಾಕ್ಬ್ಯಾಡಿ, ನನ್ನಾಣೆ.”

ತೋಟ ಕತ್ತಲಲ್ಲಿತ್ತು. ಹೊಸ ದೀಪ ಉರಿದೇ ಇರಲಿಲ್ಲ. ಊರು ಮುಟ್ಟಿದ ಮೇಲೆ ಹಾಕಿಕೊಳ್ಳಿ ಎಂದು ಮೇಸ್ತ್ರಿ ಕೊಟ್ಟ ಆ ದೀಪಗಳ ಫ್ಯೂಸ್ ಭಾವನ ಅಂಗಿಯ ಜೇಬಿನಲ್ಲೇ ಇತ್ತು. ಭಾವ ಜೇಬಿನ ತನಕ ಒಯ್ದ ಕೈಯನ್ನು ಹಾಗೇ ತಡೆದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

“ಹೂಂ ಕಣೇ” ಎಂದರು ಭಾವ, ಕತ್ತಲೆಯನ್ನೇ ನೋಡುತ್ತಾ. “ನಂಗೂ ಅಲ್ಲೀಗಂಟ ಕಾಣ್ತೈತೆ.” ಬ್ಯಾಂಡೇಜು ಕಟ್ಟಿದ ಕೈಯಿಂದ ಅಕ್ಕನ ಕೈಯನ್ನು ಹುಡುಕಿ ಹಿಡಿದುಕೊಂಡರು.