ಕಡಿದ ಮರಗಳ ಯೋಗಕ್ಷೇಮ

ನನ್ನ ಭಾವನಿಗೆ, ಎಂದರೆ ಅಕ್ಕನ ಗಂಡನಿಗೆ, ಮನುಷ್ಯರ ಯೋಗಕ್ಷೇಮ ವಿಚಾರಿಸುವ ಅಭ್ಯಾಸವೇ ಇರಲಿಲ್ಲ. ಮರಗಳದ್ದು ವಿಚಾರಿಸುತ್ತಿದ್ದರು. ಅದೂ ಕೊಂಬೆ ಕಡಿಸಿಕೊಂಡ ಮರಗಳದ್ದು ಮಾತ್ರ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕತ್ತಿ ಹಿಡಿದವನು. ಗುತ್ತಿಗಾರಿನಿಂದ ಐವರ್ನಾಡಿನವರೆಗೆ, ದನದ ಹಟ್ಟಿಗೆ ಸೊಪ್ಪು ಬೇಕಾದರೂ ಮೆಣಸಿನ ಬಳ್ಳಿಗೆ ಬಿಸಿಲು ಬೇಕಾದರೂ ನನ್ನನ್ನೇ ಕರೆಯುತ್ತಿದ್ದರು. ನನ್ನ ಕತ್ತಿ ಬಿದ್ದಲ್ಲಿ ತೊಗಟೆ ಹರಿದದ್ದುಂಟೇ? ಇಲ್ಲ. ಆದರೂ ನಾನು ಇಳಿದು ಬೆವರು ಒರಸುವಷ್ಟರಲ್ಲಿ ಭಾವ ಹಾಜರು. ಕೈಯಲ್ಲಿ ಸೆಗಣಿ, ಕೆಮ್ಮಣ್ಣು ಕಲಸಿದ ತೆಂಗಿನ ಗೆರಟೆ. ಗಾಯಕ್ಕೆ ಬಳಿಯುವುದು, ಕಾಂಡಕ್ಕೆ ಬೆರಳ ಗೆಣ್ಣಿನಿಂದ ಬಡಿದು ಕಿವಿ ಇಡುವುದು. ಆಮೇಲೆ ತಿಂಗಳುಗಟ್ಟಲೆ ಬಂದು ಚಿಗುರು ಒಡೆಯಿತೇ, ಗಾಯದಲ್ಲಿ ನೀರು ನಿಂತಿತೇ ಎಂದು ನೋಡುವುದು. ಬಾಣಂತಿಯ ಕೋಣೆಗೂ ಯಾರೂ ಅಷ್ಟು ಸಲ ಇಣುಕುವುದಿಲ್ಲ.

ಒಮ್ಮೆ ಕೊಂಬೆ ಮುರಿದು ಅದರೊಂದಿಗೇ ನಾನೂ ನೆಲಕ್ಕೆ ಬಂದೆ. ಭಾವ ಓಡಿ ಬಂದರು. ಸೊಂಟ ಹಿಡಿದು ಬಿದ್ದಿದ್ದ ನನ್ನನ್ನು ದಾಟಿ ಮರದ ಬುಡಕ್ಕೆ ಹೋದರು.

"ಸಿಗಿದು ಹೋಗಿದೆ ಮಾರಾಯ. ಇನ್ನು ಗುಣ ಆಗುದು ಕಷ್ಟ."

"ನಾನಾ, ಮರವಾ?"

"ನಿನಗೆ ಎಂತ ಆಗಿದೆ?"

ಕಲ್ಲುಗುಂಡಿಯ ಒಂದು ಮದುವೆಯಲ್ಲಿ ಚಪ್ಪರಕ್ಕೆಂದು ಮಾವಿನ ಮರ ಸವರಿದ್ದರು. ಬಾಳೆಲೆಯ ಮುಂದೆ ಕೂತ ಭಾವ ಎದ್ದು ಹೋದವರು ಸೆಗಣಿ ಕೈಯಲ್ಲಿ ಮರಳಿದಾಗ ಪಾಯಸ ಮುಗಿದಿತ್ತು.

"ಮದುಮಗಳನ್ನಾದ್ರೂ ನೋಡಿದ್ರಾ?" ಅಕ್ಕ ಕೇಳಿದಳು.

"ಅವಳನ್ನು ಯಾರೂ ಕಡಿಯಲಿಲ್ಲವಲ್ಲ."

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ಹೊಸತರಲ್ಲಿ ಅವರ ಕಣ್ಣು ನನ್ನ ಮನೆಯ ಮರದ ಮೇಲೇ ಬಿತ್ತು. ಅಂಗಳದ ಮೂಲೆಯಲ್ಲಿ ದೊಡ್ಡ ಹಲಸು. ಒಣಹಾಕಿದ ಕಾಳುಮೆಣಸಿಗೆ ಬಿಸಿಲು ಸಾಲದೆಂದು ಅಂಗಳದ ಕಡೆಯ ಕೊಂಬೆಗಳನ್ನೆಲ್ಲ ಇಳಿಸಿದೆ. ಎಲ್ಲರೂ ಮಾಡುವ ಕೆಲಸವೇ. ಮನೆಯ ಕಡೆಯವನ್ನು ಮುಟ್ಟಲಿಲ್ಲ. ಮನೆಯ ಮಾಡಿಗೆ, ಅದರಡಿ ಇರುವವರಿಗೆ ನೆರಳು ಬೇಡವೇ?

"ಭಾರ ಎಲ್ಲ ಈಗ ಮನೆ ಬದಿಗೇ ಉಂಟು. ಮಳೆಗೆ ಮೊದಲು ಆ ಬದಿಯದ್ದೂ ಇಳಿಸು," ಎಂದರು ಭಾವ.

"ಮರ ಕಡಿಯುದು ನನಗೆ ಹೇಳಿಕೊಡ್ಬೇಡಿ."

ಅವರು ಸುಮ್ಮನಾದರೇ? ಗುತ್ತಿಗಾರಿನ ಹೋಟೆಲಿನಲ್ಲಿ ಕೂತು, ಇವನ ಮರ ಇವನ ಮನೆಯನ್ನೇ ತೆಗೆಯುತ್ತದೆ ಎಂದರಂತೆ. ನನ್ನನ್ನು ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ನಾನು ಮಾತು ಬಿಟ್ಟೆ. ಬರುವುದನ್ನು ಮಾತ್ರ ಅವರು ಬಿಡಲಿಲ್ಲ. ದಿನಾ ಬಂದು ಕವಲಿಗೆ ಕೋಲು ಚುಚ್ಚಿ ನೋಡಿ, ಜಗಲಿಯಲ್ಲಿ ನನ್ನ ಹೆಂಡತಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡೇ ತಂದಿಟ್ಟ ಕಾಫಿಯನ್ನು ನನಗೆ ಬೆನ್ನು ಹಾಕಿ ಕುಡಿದು ಹೋಗುತ್ತಿದ್ದರು.

ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಹೊರಗೆ ಬಂದರೆ ಭಾವ ಏಣಿಯಿಟ್ಟು ಮನೆಯ ಕಡೆ ವಾಲಿದ ಹಲಸಿನ ಕೊಂಬೆಗೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಅಂಗಳದಾಚೆಯ ಮಾವಿಗೆ ಸುತ್ತಿ ಒಬ್ಬರೇ ಜಗ್ಗುತ್ತಿದ್ದಾರೆ. ಹಲಸಿನ ಕವಲು ಬಾಯಿ ಬಿಟ್ಟಿತ್ತು.

"ಯಾರನ್ನು ಕೇಳಿ ಕಟ್ಟಿದ್ರಿ? ನಿಮಗೆ ಮರದ ಮೇಲೆ ಅಷ್ಟು ಪ್ರೀತಿಯಾದ್ರೆ ಹೊತ್ತುಕೊಂಡು ಹೋಗಿ."

"ಮರ ಸಾಯಲಿ ಮಾರಾಯ," ಎಂದರು ಏದುಸಿರು ಬಿಡುತ್ತ. "ಒಳಗೆ ತೊಟ್ಟಿಲು ಉಂಟಲ್ಲ. ಹಿಡಿ ಇದನ್ನು."

ಹಿಡಿದೆ. ಹಗ್ಗದ ಮೇಲೆ ಅವರ ಅಂಗೈಯ ರಕ್ತವಿತ್ತು. ಅವರು ಗಂಟು ಹಾಕಿದರು. ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು.

ನಾನು ಕಡಿದದ್ದರಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಗಾಳಿ ತಗ್ಗಿದ ಮೇಲೆ ಹತ್ತಿ, ಮನೆಯ ಕಡೆಯ ಕೊಂಬೆಗಳನ್ನು ಒಂದೊಂದಾಗಿ ಇಳಿಸಿದೆ. ಕೆಳಗಿನಿಂದ ಕೊಂಕು ಬರಲಿಲ್ಲ. ಕೊನೆಗೆ ನಾನೇ ಕೂಗಿ ಕೇಳಿದೆ:

"ಭಾವಾ, ಸರಿ ಉಂಟಾ ನೋಡಿ."

ಅವರು ಮರದ ಕಡೆ ತಿರುಗಲೇ ಇಲ್ಲ. ಮಳೆಗೆ ಹೊದೆಯುವ ತಮ್ಮ ಓಲೆಯ ಗೊರಬೆಯನ್ನು ಮಗುವಿನ ತಲೆಯ ಮೇಲೆ ಹಿಡಿದು, ತಾವು ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಮಗು ಅವರ ಮೀಸೆ ಹಿಡಿದಿತ್ತು.